ಸೂರತ್ತಿನ ಸೊನ್ನೆ

ಎದುರು ಕೂತ ಬಿಳಿಯ ಡಾಕ್ಟರು ತನ್ನ ಮುಖವನ್ನೇ ನೋಡುತ್ತಿದ್ದಾರೆ ಎಂಬುದು ನಂಜುಂಡನಿಗೆ ಖಾತ್ರಿಯಾದದ್ದು ರೈಲು ಮಣಿನಗರ ದಾಟಿ ವಟ್ವಾದ ಹೊಸ ಕಾರ್ಖಾನೆ ಶೆಡ್ಡುಗಳ ಪಕ್ಕ ಓಡತೊಡಗಿದ ಮೇಲೆ. ಮುಖ ನೋಡುವವರಲ್ಲಿ ಎಷ್ಟು ಬಗೆ ಎಂಬುದು ಅವನಿಗೆ ಬಾಯಿಪಾಠ. ಕೆಲವರು ಒಮ್ಮೆ ನೋಡಿ, ಕಿಟಕಿಯಾಚೆ ಏನೋ ಕಂಡವರಂತೆ ತಟ್ಟನೆ ಅತ್ತ ತಿರುಗುತ್ತಾರೆ. ಕೆಲವರು ಮಾತು ಮುಗಿಯುವವರೆಗೂ ಅವನ ಅಂಗಿಯ ಗುಂಡಿಯನ್ನೇ ನೋಡುತ್ತಾರೆ. ಹೆಣ್ಣು ನೋಡಲು ಹೋದ ಮೊದಲ ಮೂರು ಮನೆಗಳಲ್ಲಿ ಹೆಂಗಸರು ಬಾಗಿಲ ಸಂದಿಯಿಂದ ಇಣುಕಿ ಒಳಗೆ ಹೋದವರು ಮತ್ತೆ ಬರಲಿಲ್ಲ, ಕಾಫಿ ಮಾತ್ರ ಬಂತು. ಈ ಡಾಕ್ಟರು ಆ ಯಾವ ಬಗೆಗೂ ಸೇರಲಿಲ್ಲ. ನಕಾಶೆ ಓದುವವರ ಹಾಗೆ ನಿಧಾನವಾಗಿ ಎಡಗೆನ್ನೆಯಿಂದ ಶುರುಮಾಡಿ, ಮೂಗಿನ ಮೇಲೆ ಹಾದು, ಬಲಗೆನ್ನೆಯ ಗುಳಿಗಳಿಗೆ ಬಂದಿದ್ದರು. ನಾಚಿಕೆಯಿರಲಿಲ್ಲ, ಕನಿಕರವೂ ಇರಲಿಲ್ಲ. ಬೆಳಿಗ್ಗೆ ಕಾಲೂಪುರ ಸ್ಟೇಷನ್ನಿನಲ್ಲಿ, ಹೆಸರನ್ನು ಸರಿಯಾಗಿ ಬರೆದುಕೊಳ್ಳಬೇಕೆಂದು ಇವನ ಗುರುತಿನ ಚೀಟಿ ಕೇಳಿದ್ದರು. ಅದರಲ್ಲಿದ್ದ ಫೋಟೋ ನೋಡಿ, ಇವನನ್ನು ನೋಡಿ, ಮತ್ತೆ ಫೋಟೋ ನೋಡಿ, ಹಿಂದಿರುಗಿಸಿದ್ದರು. ಗಾಂಧಿ ರಸ್ತೆಯ ಫೋಟೋದವನು ತಾನಾಗಿಯೇ ಕುಂಚ ಆಡಿಸಿ ಗುಳಿಯನ್ನೆಲ್ಲ ಮುಚ್ಚಿದ್ದ. ಮುಚ್ಚು ಎಂದು ನಂಜುಂಡ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. ನುಣುಪು ಕೆನ್ನೆಯ ಆ ಮನುಷ್ಯನನ್ನು ಆರು ವರ್ಷದಿಂದ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ.

ಡಾಕ್ಟರ ಹೆಸರು ಹೊರಾಕ್. ಜೆಕೊಸ್ಲೊವಾಕಿಯಾದವರು. ಲೋಕದಿಂದಲೇ ಸಿಡುಬನ್ನು ಹತ್ತು ವರ್ಷದಲ್ಲಿ ಅಳಿಸಿಬಿಡುತ್ತೇವೆಂದು ಹೊರಟಿರುವ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಕಳಿಸಿತ್ತು. ಅಳಿಸುವುದಂತೆ, ಸ್ಲೇಟಿನ ಮೇಲೆ ಬರೆದದ್ದನ್ನು ಅಳಿಸುವಷ್ಟು ಸಲೀಸಾಗಿ. ಅಹಮದಾಬಾದಿನ ಸರ್ಕಾರಿ ಕಚೇರಿಯಲ್ಲಿ ರೋಗದ ಅಂಕಿಅಂಶ ಕೂಡಿಸಿ ದೆಹಲಿಗೆ ಕಳಿಸುವ ಕೆಲಸದಲ್ಲಿದ್ದ ನಂಜುಂಡನಿಗೆ ಈ ಮಾತು ಕೇಳಿದಾಗಲೆಲ್ಲ ನಗು ಬರುತ್ತಿತ್ತು. ಹೊರಾಕ್ ತೊಡೆಯ ಮೇಲೆ ಸೈಕ್ಲೋಸ್ಟೈಲ್ ಮಾಡಿದ ಹಾಳೆ ಹರಡಿಕೊಂಡು, ಪೆನ್ಸಿಲ್ಲಿನ ತುದಿಯನ್ನು ಒಂದೆಡೆ ಊರಿದರು.

‘ಈ ಸೊನ್ನೆ ನನಗೆ ಬಹಳ ಹಿಡಿಸಿದೆ,’ ಎಂದರು, ತಡವರಿಸುವ ಇಂಗ್ಲಿಷಿನಲ್ಲಿ. ‘ಮೇಲೆ ಭರೂಚಿನಲ್ಲಿ ಏಳು ಕೇಸು. ಕೆಳಗೆ ಬಲ್ಸಾರಿನಲ್ಲಿ ನಾಲ್ಕು. ನಡುವೆ ಸೂರತ್. ಇಷ್ಟು ರೈಲು, ಇಷ್ಟು ವ್ಯಾಪಾರ, ಇಷ್ಟು ಜನ. ಸೊನ್ನೆ.’

‘ಹೌದು, ಸರ್.’

‘ಅದಕ್ಕೇ ಅಲ್ಲಿಗೆ ಹೋಗೋಣ ಅಂದೆ. ಸೊನ್ನೆ ಇರುವ ಕಡೆ ನಾನು ಮೊದಲು ಹೋಗುತ್ತೇನೆ.’

ಆ ಸೊನ್ನೆ ನಂಜುಂಡನ ಕೈಬರಹದ್ದು. ಹದಿನಾರು ದಿನದ ಕೆಳಗೆ ಸೂರತ್ತಿನಿಂದ ಒಂದು ಕಾರ್ಡು ಬಂದಿತ್ತು. ಬೇಗಂಪುರಾದ ಜರಿ ಕೆಲಸದವರ ಓಣಿಯಲ್ಲಿ ಹತ್ತೊಂಬತ್ತು ಜನಕ್ಕೆ ಸಿಡುಬು, ಕೂಡಲೇ ಲಸಿಕೆ ಕಳಿಸಿ ಎಂದು ಠಾಕೋರ್‌ಭಾಯಿ ಎಂಬ ಲಸಿಕೆ ಹಾಕುವವನು ಬರೆದಿದ್ದ. ನಂಜುಂಡ ಅದನ್ನು ಒಯ್ದು ಮೇಲಧಿಕಾರಿ ಡಾಕ್ಟರ್ ಮಾಂಕಡ್ ಅವರ ಮೇಜಿನ ಮೇಲಿಟ್ಟ. ಮಾಂಕಡ್ ಸಾಹೇಬರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ತಿದ್ದು ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ನಂಜುಂಡಭಾಯಿ, ಸಿಡುಬು ಯಾವುದು ಸೀತಾಳೆ ಯಾವುದು ಅಂತ ಲಸಿಕೆ ಹಾಕೋನಿಗೆ ಏನು ಗೊತ್ತಾಗುತ್ತೆ? ಬರೋ ತಿಂಗಳು ಹೊರಗಿನವರು ಬಂದು ನೋಡೋರಿದ್ದಾರೆ. ನಿಮ್ಮ ಮೈಸೂರಿನ ವರ್ಗಾವಣೆ ಅರ್ಜಿನೂ ನನ್ನ ಹತ್ರಾನೇ ಇದೆ, ಮರೆತಿಲ್ಲ,’ ಎಂದು ಚಹಾಕ್ಕೆ ಎದ್ದುಹೋದರು. ಎರಡು ಮಾತಿಗೂ ಸಂಬಂಧವೇ ಇಲ್ಲ ಎನ್ನುವಷ್ಟು ನಯವಾಗಿ ಹೇಳಿದ್ದರು. ನಂಜುಂಡ ತನ್ನ ಜಾಗಕ್ಕೆ ಬಂದು, ಹತ್ತೊಂಬತ್ತನ್ನು ಸಿಡುಬಿನ ಕಾಲಮ್ಮಿನಿಂದ ಎತ್ತಿ ಸೀತಾಳೆ ಸಿಡುಬಿನ ಕಾಲಮ್ಮಿನಲ್ಲಿ ಕೂರಿಸಿದ. ಸೀತಾಳೆಯಿಂದ ಯಾರೂ ಸಾಯುವುದಿಲ್ಲ, ಅದಕ್ಕೆ ಲಸಿಕೆ ಕಳಿಸಬೇಕಾಗಿಯೂ ಇಲ್ಲ. ಹಿಂದೆಯೇ, ನಿನ್ನ ಯೋಗ್ಯತೆಗೆ ಮೀರಿದ ರೋಗನಿರ್ಣಯ ಮಾಡಬೇಡ ಎಂದು ಠಾಕೋರ್‌ಭಾಯಿಗೆ ಒಂದು ಮೆಮೊ ಟೈಪು ಮಾಡಿದ. ಒಳ್ಳೆಯ ಇಂಗ್ಲಿಷಿನಲ್ಲಿತ್ತು ಮೆಮೊ. ಎರಡು ವಾಕ್ಯವನ್ನು ಇನ್ನಷ್ಟು ಚೆಂದ ಮಾಡಲು ಮತ್ತೆ ಟೈಪು ಮಾಡಿದ್ದನ್ನು ನೆನೆಸಿಕೊಂಡರೆ ಅವನಿಗೆ ಈಗ ಹೇಸಿಗೆಯಾಗುತ್ತಿತ್ತು.

ಬೆಳಿಗ್ಗೆ ಹೆಂಡತಿ ಗಿರಿಜಾ ಅವಲಕ್ಕಿಯ ಡಬ್ಬಿ ಕೈಗೆ ಕೊಡುತ್ತ, ‘ಸಾಹೇಬ್ರು ಸಹಿ ಹಾಕಿದ್ರಾ?’ ಎಂದಿದ್ದಳು. ದಿನಾ ಕೇಳುವ ಪ್ರಶ್ನೆ. ಮೈಸೂರಿನಲ್ಲಿರುವ ಅವಳ ತಂಗಿಯ ಮಕ್ಕಳು ಪತ್ರ ಬರೆದರೆ ಮಗಳು ಪದ್ಮಾಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಅವಳ ಹೊಟ್ಟೆಯ ಸಂಕಟ. ಒಂಬತ್ತು ವರ್ಷದ ಪದ್ಮಾ ಅಷ್ಟರಲ್ಲಿ ಬಾಗಿಲಿಗೆ ಬಂದು, ‘ಅಪ್ಪಾ, ಸೂರತ್‌ನಿಂದ ಘಾರಿ ಲಾವಜೋ,’ ಎಂದಳು, ಮಿಠಾಯಿ ತಾ ಎಂದು, ಗುಜರಾತಿಯಲ್ಲೇ. ಗಿರಿಜಾ ನೋಡಿದಿರಾ ಎಂಬಂತೆ ಗಂಡನ ಮುಖ ನೋಡಿದಳು. ಅವಳು ನೇರವಾಗಿಯೇ ನೋಡುವವಳು. ನಾಲ್ಕನೆಯ ಮನೆಯಲ್ಲಿ, ಕಾಫಿಯನ್ನು ತಾನೇ ತಂದು, ಲೋಟ ಕೊಡುವಾಗ ಅವನ ಮುಖವನ್ನು ನೋಡಿದ್ದು ಅವಳೊಬ್ಬಳೇ. ಅಂಥವಳಿಗೆ, ‘ಹಾಕ್ತಾರೆ, ಈ ವಾರ ಹಾಕ್ತಾರೆ,’ ಎಂದು ಹೇಳಿ ಮೆಟ್ಟಿಲಿಳಿದಿದ್ದ.

ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಮೂವತ್ತು ವರ್ಷದ ಹಿಂದೆ ನಂಜನಗೂಡಿನ ಮನೆಯ ಕತ್ತಲ ಉಗ್ರಾಣದಲ್ಲಿ ರಾಗಿ ಮೂಟೆಗಳ ನಡುವೆ ಬೇವಿನ ಸೊಪ್ಪು ಹಾಸಿ ಅವನನ್ನೂ ತಂಗಿಯನ್ನೂ ಮಲಗಿಸಿದ್ದರು. ಅವನಿಗೆ ಆರು, ಸಾವಿತ್ರಿಗೆ ನಾಲ್ಕು. ಅವನಿಗೆ ಆಗಲೇ ಮೈತುಂಬ ಎದ್ದಿತ್ತು, ಅವಳಿಗೆ ಇನ್ನೂ ಏನೂ ಇರಲಿಲ್ಲ. ಅಣ್ಣನನ್ನು ಬಿಟ್ಟಿರಲಾರೆ ಎಂದು ಅತ್ತು ಒಳಗೆ ಬಂದವಳು. ಮನೆಗೆ ಅಮ್ಮ, ಸಿಡುಬಿನ ದೇವಿ, ಬಂದಿದ್ದಾಳೆ ಎಂದು ಒಗ್ಗರಣೆ ಹಾಕುತ್ತಿರಲಿಲ್ಲ, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸಿಡುಬಿನ ದಾಕು ಹಾಕುವವರು ಬೀದಿಗೆ ಬಂದಿದ್ದಾರೆಂದು ಗೊತ್ತಾದಾಗ ತಾಯಿ ಉಗ್ರಾಣದ ಬಾಗಿಲೆಳೆದು ಚಿಲಕ ಹಾಕಿದಳು. ಅಮ್ಮ ಬಂದಿರುವ ಮನೆಯಲ್ಲಿ ಸೂಜಿ ಆಡಿಸಿದರೆ ಅವಳು ಸಿಟ್ಟಾಗಿ ಇಬ್ಬರನ್ನೂ ತೆಗೆದುಕೊಂಡು ಹೋಗುತ್ತಾಳೆ ಎಂಬ ಹೆದರಿಕೆ ಅವಳದು. ಹೆದರಿಕೆ ಸುಳ್ಳಾಗಿರಲಿಲ್ಲ, ಪ್ರೀತಿಯೂ ಸುಳ್ಳಾಗಿರಲಿಲ್ಲ. ಹೊರಗೆ ಗಂಡಸಿನ ದನಿ, ‘ಮಕ್ಕಳಿದ್ದಾವೇನಮ್ಮ?’ ಎಂದಿತು. ತಾಯಿಯ ದನಿ, ‘ಇಲ್ಲ ಸ್ವಾಮಿ, ಮನೇಲಿ ಮಕ್ಕಳಿಲ್ಲ,’ ಎಂದಿತು. ಸಾವಿತ್ರಿ ಅವನ ಕಿವಿಯ ಹತ್ತಿರ ಬಂದು, ‘ನಾವಿದೀವಲ್ಲ ಅಣ್ಣಯ್ಯ,’ ಎಂದು ಪಿಸುಗುಟ್ಟಿ ನಕ್ಕಳು. ಅವಳಿಗೆ ಅದು ಆಟವಾಗಿತ್ತು. ಇಪ್ಪತ್ತು ದಿನದ ಮೇಲೆ ಅವಳು ಇರಲಿಲ್ಲ. ಅಂದು ಬಾಗಿಲಾಚೆ ಇದ್ದ ಲಸಿಕೆ ಅವಳಿಗೆ ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಏನೋ ಎಂದು ನಂಜುಂಡನಿಗೆ ಗೊತ್ತಾದದ್ದು ಈ ಕೆಲಸಕ್ಕೆ ಸೇರಿ, ತರಬೇತಿಯ ಪುಸ್ತಕ ಓದಿದ ದಿನ. ಅಂದಿನಿಂದ ತಾಯಿಗೆ ಕಾಗದ ಬರೆಯುವುದು ಕಡಿಮೆ ಮಾಡಿದ್ದ. ಈಗ ಆ ತಾಯಿಯನ್ನು ದೂರುವ ಬಾಯಿ ತನಗೆ ಎಲ್ಲಿದೆ ಎಂದು ಯೋಚಿಸುತ್ತಿದ್ದ.

ಬರೋಡಾ ಬಂತು. ಇವರ ಸೀಟಿನ ಕೆಳಗೆ ಎರಡು ಮರದ ಪೆಟ್ಟಿಗೆಗಳಿದ್ದವು, ಒಳಗೆ ರಷ್ಯಾದಿಂದ ದಾನವಾಗಿ ಬಂದ ಒಣ ಲಸಿಕೆ. ಹಳೆಯ ಲಸಿಕೆಯಂತೆ ಬಿಸಿಲಿಗೆ ಕೆಡುವುದಿಲ್ಲ, ಮಂಜುಗಡ್ಡೆ ಬೇಡ. ಎರಡೂ ಬರೋಡಾಕ್ಕೆ. ಹಾಗೆಂದು ಲೆಕ್ಕ ಹಾಕಿ ಪಟ್ಟಿ ಮಾಡಿದವನು ನಂಜುಂಡನೇ: ಬರೋಡಾದಲ್ಲಿ ಹನ್ನೊಂದು ಕೇಸು, ಎರಡು ಪೆಟ್ಟಿಗೆ, ಸೂರತ್ತಿನಲ್ಲಿ ಸೊನ್ನೆ, ಪೆಟ್ಟಿಗೆ ಇಲ್ಲ. ಜಿಲ್ಲೆಯ ಕಚೇರಿಯವನೊಬ್ಬ ಕೂಲಿಯ ಜೊತೆ ಹತ್ತಿ ಬಂದು ರಸೀದಿಗೆ ಸಹಿ ಕೇಳಿದ. ನಂಜುಂಡ ಸಹಿ ಹಾಕಿದ. ಮೊದಲ ಪೆಟ್ಟಿಗೆ ಇಳಿಯಿತು. ಪ್ಲಾಟ್‌ಫಾರಮ್ಮಿನಲ್ಲಿ ಚಹಾದವನು ಕೂಗುತ್ತಿದ್ದ, ಹೊರಾಕ್ ಬಿಸಿ ಲೋಟವನ್ನು ಕರವಸ್ತ್ರದಲ್ಲಿ ಹಿಡಿದು ಊದಿಕೊಂಡು ಕುಡಿಯುತ್ತಿದ್ದರು. ಎರಡನೆಯ ಪೆಟ್ಟಿಗೆಯ ಹಗ್ಗಕ್ಕೆ ಕೂಲಿ ಕೈ ಹಾಕಿದಾಗ ನಂಜುಂಡನ ಕಾಲು ತಾನಾಗಿಯೇ ಮುಂದೆ ಹೋಗಿ ಅದರ ಮೇಲೆ ಊರಿತು.

‘ಇದು ಇಳಿಯೋದಿಲ್ಲ,’ ಎಂದ.

‘ಪಟ್ಟಿಯಲ್ಲಿ ಎರಡು ಅಂತ ಇದೆಯಲ್ಲ, ಸಾಹೇಬ್,’ ಎಂದ ಕಚೇರಿಯವನು.

‘ಪಟ್ಟಿ ತಪ್ಪು. ಮಾಡಿದೋನು ನಾನೇ. ನಾಳೆ ಇನ್ನೊಂದು ಕಳಿಸ್ತೀನಿ.’ ರಸೀದಿಯನ್ನು ಅವನ ಕೈಯಿಂದ ತೆಗೆದುಕೊಂಡು ಎರಡನ್ನು ಒಂದು ಮಾಡಿ ಪಕ್ಕದಲ್ಲಿ ಸಹಿ ಹಾಕಿದ. ಕಚೇರಿಯವನು ಗೊಣಗುತ್ತ ಇಳಿದ. ರೈಲು ಹೊರಟಿತು. ಹೊರಾಕ್ ಏನೂ ಕೇಳಲಿಲ್ಲ. ಅವರು ಕೇಳಿದ್ದರೆ ಏನಾದರೂ ಸುಳ್ಳು ಹೇಳಬಹುದಿತ್ತು. ಬಾಯಿತುದಿಯಲ್ಲಿ ಎರಡು ಮೂರು ಸಿದ್ಧವೂ ಇದ್ದವು. ಕೇಳದೆ ಇದ್ದುದರಿಂದ ಅವು ಅಲ್ಲೇ ಒಣಗಿದವು.

‘ಡಾಕ್ಟರ್, ಆ ಸೊನ್ನೆ ನನ್ನದು,’ ಎಂದ ನಂಜುಂಡ. ಆಮೇಲೆ ಎಲ್ಲವನ್ನೂ ಹೇಳಿದ. ಕಾರ್ಡು, ಹತ್ತೊಂಬತ್ತು, ಎರಡು ಸಲ ಟೈಪು ಮಾಡಿದ ಮೆಮೊ. ಮಾಂಕಡ್ ಅವರ ಹೆಸರು ಹೇಳಬೇಕೆಂದು ನಾಲಿಗೆ ತುರಿಸಿತು. ಆದರೆ ಪೆನ್ನು ಹಿಡಿದದ್ದು ತಾನು, ಅವರು ಆಗ ಚಹಾ ಕುಡಿಯುತ್ತಿದ್ದರು. ಹೇಳಲಿಲ್ಲ.

ರೈಲು ನರ್ಮದೆಯ ಸೇತುವೆಗೆ ಬಂತು. ಅದರ ಸದ್ದು ಮುಗಿದ ಮೇಲೆ ಹೊರಾಕ್, ‘ಎಷ್ಟು ದಿನವಾಯಿತು?’ ಎಂದರು.

‘ಹದಿನಾರು.’

‘ಹಾಗಾದರೆ ಈಗ ಹತ್ತೊಂಬತ್ತಲ್ಲ.’ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ‘ಮೇಲಿನವರಿಗೆ ಬೇಕಾದ ಅಂಕಿ ಬರೆದುಕೊಡುವವರು ನಮ್ಮ ದೇಶದಲ್ಲೂ ಬೇಕಾದಷ್ಟಿದ್ದಾರೆ. ಕಾಮಾಲೆಯ ವಿಷಯದಲ್ಲಿ ನಾನೂ ಒಂದು ಸಲ ಬರೆದುಕೊಟ್ಟೆ. ಅದನ್ನು ಇನ್ನೊಂದು ದಿನ ಹೇಳುತ್ತೇನೆ. ಈಗ ನೀವು ನನ್ನನ್ನು ಆ ಓಣಿಗೆ ಕರೆದುಕೊಂಡು ಹೋಗಬೇಕು.’ ಮತ್ತೆ ಹೇಳಿದರು: ‘ನಿಮಗೆ ಗೊತ್ತೆ, ಈ ಬೋಗಿಯಲ್ಲಿ ಕೂತವರಲ್ಲಿ ಇನ್ನು ಸಿಡುಬು ಬರುವುದಿಲ್ಲ ಎಂದು ನೋಡಿದ ಕೂಡಲೇ ಹೇಳಬಹುದಾದವರು ನೀವೊಬ್ಬರೇ. ನೀವು ಯಾವ ಮನೆಗಾದರೂ ಹೋಗಬಹುದು, ಯಾವ ಮಗುವನ್ನಾದರೂ ಎತ್ತಿಕೊಳ್ಳಬಹುದು. ನನಗೆ ನನ್ನ ಲಸಿಕೆಯ ಮೇಲೇ ಅಷ್ಟು ನಂಬಿಕೆಯಿಲ್ಲ. ಬೆಳಗಿನಿಂದ ನಿಮ್ಮನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೇನೆ.’

ಮೂವತ್ತು ವರ್ಷದಲ್ಲಿ ಈ ಮುಖ ಕಂಡು ಹೊಟ್ಟೆಕಿಚ್ಚು ಪಟ್ಟವರು ಇನ್ನೊಬ್ಬರಿರಲಿಲ್ಲ. ನಂಜುಂಡನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವಲಕ್ಕಿಯ ಡಬ್ಬಿ ತೆಗೆದು ಅವರ ಮುಂದೆ ಹಿಡಿದ.

ಸೂರತ್ ಸ್ಟೇಷನ್ನಿಗೆ ಠಾಕೋರ್‌ಭಾಯಿಯೇ ಬಂದಿದ್ದ. ಐವತ್ತು ದಾಟಿದ ಸಣಕಲು ಮನುಷ್ಯ, ಕಂಕುಳಲ್ಲಿ ಬಟ್ಟೆಯ ಚೀಲ. ಮೆಮೊ ಬರೆದವನು ಇವನೇ ಎಂದು ಗೊತ್ತಿದ್ದೂ ಎರಡೂ ಕೈ ಜೋಡಿಸಿದ. ಅವನು ಮುಖ ತಿರುಗಿಸಿದ್ದರೆ ಎಷ್ಟೋ ಮೇಲಾಗಿತ್ತು. ನಂಜುಂಡ ಅಲ್ಲೇ, ಟಾಂಗಾದ ಪಕ್ಕ ನಿಂತು, ‘ಠಾಕೋರ್‌ಭಾಯಿ, ನೀವು ಬರೆದದ್ದು ಸರಿ ಇತ್ತು. ನಾನು ತಪ್ಪು ಮಾಡ್ದೆ. ಆ ಮೆಮೊ ಹರಿದುಹಾಕಿ,’ ಎಂದ. ಠಾಕೋರ್‌ಭಾಯಿ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದ. ‘ಸಾಹೇಬ್, ಮೆಮೊ ಬಂದ ಮೇಲೆ ಕಾರ್ಡು ಕಳಿಸೋದು ನಿಲ್ಲಿಸಿದೆ. ಬರೆಯೋದು ನಿಲ್ಲಿಸಲಿಲ್ಲ,’ ಎಂದ. ಮನೆಯ ಗುರುತು, ಹೆಸರು, ವಯಸ್ಸು, ಯಾವ ದಿನ ಎದ್ದಿತು, ಎಲ್ಲ ಇತ್ತು. ನಲವತ್ತಮೂರು. ನಾಲ್ಕು ಹೆಸರಿನ ಮುಂದೆ ಸಣ್ಣ ಅಡ್ಡಗೆರೆ. ಆ ಗೆರೆ ಏನೆಂದು ಯಾರೂ ಕೇಳಲಿಲ್ಲ. ಅದರಲ್ಲಿ ಮೂರರ ತಾರೀಕು ಮೆಮೊ ಹೋದ ಮೇಲಿನದು. ಆ ಮೂವರು ಇನ್ನು ತನ್ನ ಜೊತೆಯಲ್ಲೇ ಇರುತ್ತಾರೆಂದು ನಂಜುಂಡನಿಗೆ ಗೊತ್ತಾಯಿತು.

‘ಇದು ನಾನು ಕಣ್ಣಾರೆ ನೋಡಿದ್ದು ಮಾತ್ರ. ಬಚ್ಚಿಟ್ಟವು ಬೇರೆ ಇವೆ. ನನಗೆ ಈಗ ಬಾಗಿಲು ತೆಗೆಯೋದಿಲ್ಲ,’ ಎಂದ ಠಾಕೋರ್‌ಭಾಯಿ.

ಬಚ್ಚಿಟ್ಟವನ್ನು ಹುಡುಕಲು ಹೊರಾಕ್ ಮೊದಲು ಶಾಲೆಗೆ ಹೋದರು. ಮಕ್ಕಳು ಎಲ್ಲ ಕಂಡಿರುತ್ತಾರೆ, ಮುಚ್ಚಿಡಲು ಬರುವುದಿಲ್ಲ ಎಂಬುದು ಅವರ ಲೆಕ್ಕ. ಮೂರನೆಯ ತರಗತಿಯ ಎದುರು ನಿಂತು, ನಂಜುಂಡನ ಕಡೆ ಪೆನ್ಸಿಲ್ ತೋರಿಸಿ, ‘ಇಂಥ ಮುಖ ಇತ್ತೀಚೆಗೆ ಎಲ್ಲಾದರೂ ನೋಡಿದ್ದೀರಾ, ಕೇಳಿ,’ ಎಂದರು. ಠಾಕೋರ್‌ಭಾಯಿ ತಲೆತಗ್ಗಿಸಿಕೊಂಡು ಅದನ್ನು ಗುಜರಾತಿಯಲ್ಲಿ ಹೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಂಜುಂಡನ ಕಿವಿ ಬಿಸಿಯಾಯಿತು. ಹೊರಗೆ ಹೋಗಿ, ಟಾಂಗಾ ಹತ್ತಿ, ಸಿಕ್ಕ ರೈಲಿನಲ್ಲಿ ಮನೆ ಸೇರಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ನಗು ತಣ್ಣಗಾಗುವಾಗ ಹಿಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತಳು. ಅವಳು ನಗುತ್ತಿರಲಿಲ್ಲ. ‘ಅಮಾರೀ ಶೇರೀಮಾಂ ಛೆ,’ ಎಂದಳು. ನಮ್ಮ ಓಣಿಯಲ್ಲಿದೆ. ಇನ್ನೊಬ್ಬಳು ಎದ್ದಳು, ಅವಳ ಅತ್ತೆಯ ಮನೆಯಲ್ಲಂತೆ. ಪಕ್ಕದ ತರಗತಿಗೆ ಹೋದಾಗ ಹೊರಾಕ್ ಪೆನ್ಸಿಲ್ ಎತ್ತುವ ಮುಂಚೆಯೇ ನಂಜುಂಡ ಮುಂದೆ ಬಂದ. ಕಿಟಕಿಯ ಬೆಳಕು ಎಡಗೆನ್ನೆಯ ಮೇಲೆ ಬೀಳುವ ಹಾಗೆ ನಿಂತುಕೊಂಡು, ತನ್ನ ಅರೆಬರೆ ಗುಜರಾತಿಯಲ್ಲಿ ತಾನೇ ಕೇಳಿದ. ಅಲ್ಲೂ ನಕ್ಕರು. ಈ ಸಲ ಅಷ್ಟೇನೂ ನೋವಾಗಲಿಲ್ಲ.

ಓಣಿಗೆ ಬಂದಾಗ ಊಟದ ಹೊತ್ತು. ಇಕ್ಕೆಲದಲ್ಲೂ ಒತ್ತೊತ್ತಾದ ಮನೆಗಳು, ಜಗಲಿಗಳಲ್ಲಿ ಜರಿಯ ನೂಲು ಸುತ್ತುವ ರಾಟೆಗಳು, ಕೆಲವು ತಿರುಗುತ್ತಿದ್ದವು, ಬಹಳಷ್ಟು ಸುಮ್ಮನಿದ್ದವು. ಏನೋ ಸರಿಯಿಲ್ಲ ಎಂದು ನಂಜುಂಡನಿಗೆ ಅನಿಸಿತು, ಏನೆಂದು ಹೊಳೆಯಲಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ಗೊತ್ತಾಯಿತು. ಗುಜರಾತಿಗಳ ಓಣಿ, ಮಧ್ಯಾಹ್ನ ಹನ್ನೆರಡು ಗಂಟೆ, ಎಲ್ಲೂ ಸಾಸಿವೆ ಸಿಡಿದ ವಾಸನೆಯಿಲ್ಲ. ಒಲೆಗಳು ಹೊಗೆಯಾಡುತ್ತಿವೆ, ಒಗ್ಗರಣೆ ಮಾತ್ರ ಇಲ್ಲ. ಅವನು ಹಿಂದಕ್ಕೆ ಹೋಗಿ ಒಂದೊಂದೇ ಬಾಗಿಲ ಮುಂದೆ ನಿಂತು ಮೂಗಿನಿಂದ ಎಣಿಸುತ್ತ ಬಂದ. ಹೊರಾಕ್‌ಗೆ ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ ಎಂದು ವಿವರಿಸಿದಾಗ ಅವರು ಟೋಪಿ ತೆಗೆದರು.

ಮೊದಲ ಬಾಗಿಲು ತೆಗೆದ ಹೆಂಗಸು ಬಾಗಿಲನ್ನು ಅಂಗೈಯಗಲಕ್ಕಿಂತ ಹೆಚ್ಚು ಸರಿಸಲಿಲ್ಲ. ಜಮನಾಬೆನ್ ಎಂದು ಠಾಕೋರ್‌ಭಾಯಿ ಮೆಲ್ಲಗೆ ಹೇಳಿದ. ಬಿಳಿಯ ಡಾಕ್ಟರನ್ನು ನೋಡಿ, ಠಾಕೋರ್‌ಭಾಯಿಯ ಚೀಲ ನೋಡಿ, ‘ಘರ್‌ಮಾಂ ಛೋಕ್ರಾಂ ನಥೀ,’ ಎಂದಳು. ಮನೆಯಲ್ಲಿ ಮಕ್ಕಳಿಲ್ಲ.

ನಂಜುಂಡನಿಗೆ ಕಿವಿಯ ಹತ್ತಿರ ಯಾರೋ ನಕ್ಕ ಹಾಗಿತ್ತು. ಏನು ಮಾಡಬೇಕೆಂದು ತೋಚದೆ, ಸರ್ಕಾರದವನೆಂದು ತೋರಿಸಲು ಗುರುತಿನ ಚೀಟಿ ತೆಗೆದು ಹಿಡಿದ. ಜಮನಾಬೆನ್ ಫೋಟೋ ನೋಡಿದಳು, ಅವನನ್ನು ನೋಡಿದಳು.

‘ಆ ತಮೇ ನಥೀ,’ ಎಂದಳು. ಇದು ನೀವಲ್ಲ.

‘ಹೌದು,’ ಎಂದ ನಂಜುಂಡ, ‘ಅದು ನಾನಲ್ಲ. ಇದು ನಾನು.’ ಚೀಟಿಯನ್ನು ಜೇಬಿಗೆ ಹಾಕಿ ಅವಳ ಜಗಲಿಯ ಮೇಲೆ ಕೂತುಬಿಟ್ಟ. ಹೊರಾಕ್‌ಗೂ ಠಾಕೋರ್‌ಭಾಯಿಗೂ ದೂರ ಹೋಗಿ ಎಂದು ಕೈ ಮಾಡಿದ. ಆಮೇಲೆ ಸೊಟ್ಟ ಗುಜರಾತಿಯಲ್ಲಿ, ಸಿಗದ ಕಡೆ ಹಿಂದಿ ಸೇರಿಸಿ, ಹೇಳಿದ. ‘ನನ್ನ ತಾಯೀನೂ ಹೀಗೇ ಹೇಳಿದ್ಲು, ಬೆನ್. ಮನೇಲಿ ಮಕ್ಕಳಿಲ್ಲ ಅಂತ. ನಾವಿಬ್ಬರು ಒಳಗಿದ್ವಿ. ನಾನು ಉಳಿದೆ. ತಂಗಿ ಉಳೀಲಿಲ್ಲ. ಅಮ್ಮ ಬಂದಿದ್ದು ನನ್ನ ಮೇಲೆ, ಅವಳ ಮೈ ಇನ್ನೂ ನುಣ್ಣಗಿತ್ತು. ಅವಳಿಗೆ ಹಾಕಿಸಬಹುದಿತ್ತು.’ ಬಾಗಿಲ ಸಂದಿಯ ಕಡೆ ತಿರುಗಿದ. ‘ಮಾತಾಜಿ ಬಂದಿರೋ ಮಗೂನ ನಾವು ಮುಟ್ಟೋದಿಲ್ಲ. ಬರದೆ ಇರೋರಿಗೆ ಮಾತ್ರ.’

ಬಾಗಿಲು ಇನ್ನೊಂದು ಬೆರಳಗಲ ಸರಿಯಿತು. ‘ತಂಗಿ ಹೆಸರೇನು?’ ಎಂದಳು ಜಮನಾಬೆನ್.

‘ಸಾವಿತ್ರಿ.’ ಆ ಹೆಸರನ್ನು ಅವನು ಜೋರಾಗಿ ಹೇಳಿ ಎಷ್ಟು ವರ್ಷವಾಗಿತ್ತೋ. ಗಿರಿಜಾಗೂ ಹೇಳಿರಲಿಲ್ಲ. ಈ ರಾತ್ರಿ ಮನೆಗೆ ಹೋದ ಮೇಲೆ ವರ್ಗಾವಣೆ ಆಗುವುದಿಲ್ಲ ಎಂಬುದನ್ನೂ, ಯಾಕೆ ಆಗುವುದಿಲ್ಲ ಎಂಬುದನ್ನೂ, ಇದನ್ನೂ ಹೇಳಬೇಕು ಎಂದುಕೊಂಡ. ಅವಳು ನೇರವಾಗಿ ನೋಡುವವಳು, ಕೇಳಿಸಿಕೊಳ್ಳುತ್ತಾಳೆ. ತಾಯಿಗೂ ಒಂದು ಕಾಗದ ಬರೆಯಬೇಕು.

ಬಾಗಿಲು ಪೂರ್ತಿ ತೆರೆಯಿತು. ಒಳಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಏಳೆಂಟು ವರ್ಷದ ಹುಡುಗಿ ಮಲಗಿದ್ದಳು, ಗುಳ್ಳೆಗಳು ಆಗಲೇ ಒಣಗಿ ಹಕ್ಕಳೆ ಕಟ್ಟಿದ್ದವು, ಕಣ್ಣು ನಿಚ್ಚಳವಾಗಿತ್ತು. ಬದುಕುತ್ತಾಳೆ ಎಂದರು ಹೊರಾಕ್. ಮಂಚದ ಕೆಳಗಿಂದ ಇನ್ನಿಬ್ಬರು ಹೊರಬಂದರು, ಮೈಯೆಲ್ಲ ನುಣ್ಣಗೆ. ಠಾಕೋರ್‌ಭಾಯಿ ಚುಚ್ಚುವಾಗ ಚಿಕ್ಕದು ಕಿರುಚಿಕೊಂಡಿತು. ನಂಜುಂಡ ಅದನ್ನು ಎತ್ತಿಕೊಂಡ. ಅದು ಬಿಕ್ಕುತ್ತಲೇ ಅವನ ಕೆನ್ನೆಯ ಗುಳಿಯೊಂದರಲ್ಲಿ ಬೆರಳಿಟ್ಟು ನೋಡಿತು, ಆಮೇಲೆ ಪಕ್ಕದ್ದರಲ್ಲಿ ಇಟ್ಟಿತು. ಅವನು ಮುಖ ಸರಿಸಿಕೊಳ್ಳಲಿಲ್ಲ. ಮಗುವನ್ನು ಕೆಳಗಿಳಿಸಿ ಫಾರಮ್ಮು ತೆಗೆದು, ಸೂರತ್ ಎಂದು ಬರೆದು, ಸಿಡುಬಿನ ಕಾಲಮ್ಮಿನಲ್ಲಿ ನಲವತ್ತನಾಲ್ಕು ಎಂದು ಬರೆದ.

ಜಮನಾಬೆನ್ ಸೆರಗು ತಲೆಗೆ ಎಳೆದುಕೊಂಡು ಇವರಿಗಿಂತ ಮುಂದೆ ಓಣಿಗೆ ಇಳಿದು ಪಕ್ಕದ ಮನೆಯ ಬಾಗಿಲು ಬಡಿದಳು. ಒಳಗಿನಿಂದ ಹೆಂಗಸಿನ ದನಿ ಬಂತು, ಮನೆಯಲ್ಲಿ ಮಕ್ಕಳಿಲ್ಲ ಎಂದು.

‘ಇದ್ದಾರೆ,’ ಎಂದಳು ಜಮನಾಬೆನ್. ನಂಜುಂಡನ ಕಡೆ ತಿರುಗಿ ಎರಡು ಬೆರಳೆತ್ತಿದಳು. ‘ಬೇ ಛೆ, ಭಾಯಿ. ಇಬ್ಬರು. ಬರೆದುಕೋ.’

ಅವನು ಬರೆದುಕೊಂಡ.